ಶಿಲುಬೆಯ ಮೇಲೆ ಯಾವ ಭಾಷೆ?

ಇಂದಾಪುರದಲ್ಲಿ ಇದ್ದೇನೆ ಅಂದರೆ ಪುಣೆಯ ಕನ್ನಡ ಗೆಳೆಯರು 'ಅದನ್ನ ಪುಣೆ ಅಂತ ಯಾರ್ರೀ ಅಂತಾರೆ' ಎಂದು ನಗುತ್ತಾರೆ. ಜಿಲ್ಲೆಯೇನೋ ಪುಣೆಯದೇ. ಆದರೆ ಊರು ನಗರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ದೂರ, ಸೋಲಾಪುರ ಹೆದ್ದಾರಿಯ ಮೇಲೆ. ಸುತ್ತ ಕಬ್ಬು, ಒಂದು ಬದಿಗೆ ಉಜನಿ ಹಿನ್ನೀರು, ಆಷಾಢ ಬಂದರೆ ತುಕಾರಾಮರ ಪಾಲಖಿಯ ಮುಕ್ಕಾಮು. ಪುಣೆಗೆ ಹೋಗುವಾಗ ಭಿಗವಣ, ಪಾಟಸ ದಾಟಿದ ಮೇಲೆ ಚೌಫುಲಾ ಬರುತ್ತದೆ. ಅಲ್ಲಿ ತಿರುಗಿದರೆ ಕೇಡಗಾಂವ್. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲೇ. ಎರಡು ವರ್ಷ ನಾನು ಆ ತಿರುವನ್ನು ನೋಡಿಯೂ ನೋಡದಂತೆ ದಾಟಿದ್ದೇನೆ. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ 'ನಮ್ಮ' ರಮಾಬಾಯಿ ಎಂದು ಹೇಳಿಕೊಳ್ಳುವುದಕ್ಕೆ ಅಷ್ಟು ಸಾಕಿತ್ತು.

ಈ ವರ್ಷ ಅವರ ಪತ್ರಗಳನ್ನು ಓದಿದೆ. ಓದುವಂತೆ ಮಾಡಿದ್ದು ನಮ್ಮ ಮನೆಯ ಊಟದ ಮೇಜು.

ನಾನು ಬೆಟಗೇರಿಯವನು, ಬಾಸೆಲ್ ಮಿಷನ್ ಮನೆತನ. ಹೆಂಡತಿ ಬೆಂಗಳೂರಿನವಳು. ಅವರ ಕಡೆಯವರು ಹಳೇ ಆಂಗ್ಲಿಕನ್ನರು, ಅಂದರೆ ಇಂಗ್ಲೆಂಡಿನ ಸಭೆಯ ಕ್ರಮದಲ್ಲಿ ಬೆಳೆದವರು. ಕಾಗದದ ಮೇಲೆ ಇಬ್ಬರೂ ಸಿಎಸ್‌ಐ. ಆದರೆ ನನ್ನ ಅವ್ವ ಊಟಕ್ಕೆ ಮುಂಚೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಊರಿನ ಬರಗಾಲದಿಂದ ಹಿಡಿದು ಪಕ್ಕದ ಮನೆಯವರ ಮೊಣಕಾಲು ನೋವಿನವರೆಗೆ ಎಲ್ಲವನ್ನೂ ದೇವರ ಮುಂದೆ ಇಡುತ್ತಾಳೆ. ಅಷ್ಟರಲ್ಲಿ ರೊಟ್ಟಿ ಆರಿರುತ್ತದೆ. ನನ್ನ ಹೆಂಡತಿ ಪ್ರಾರ್ಥನಾ ಪುಸ್ತಕದ ಎರಡು ಸಾಲು ಹೇಳಿ ಆಮೆನ್ ಅನ್ನುತ್ತಾಳೆ. 'ಓದಿ ಹೇಳೂದು ಪ್ರಾರ್ಥನಿ ಹೆಂಗ ಆಗತೈತಿ?' ಎಂಬುದು ಅವ್ವನ ಪ್ರಶ್ನೆ. ಅದನ್ನು ಸೊಸೆಗೆ ಕೇಳುವಂತೆ ನನ್ನನ್ನು ಕೇಳುತ್ತಾಳೆ. ಇನ್ನು ಭಾನುವಾರದ ಮರಾಠಿ ಆರಾಧನೆಯಲ್ಲಂತೂ ಅವ್ವನ ಬಾಯಿಯೇ ಏಳುವುದಿಲ್ಲ. ಬೆಟಗೇರಿಯಲ್ಲಿ ಹೆಂಗಸರ ಕೂಟಕ್ಕೆ ಪ್ರಾರ್ಥನೆ ನಡೆಸಿಕೊಡುತ್ತಿದ್ದವಳು ಇಲ್ಲಿ ಒಂದೂವರೆ ತಾಸು ಕೈ ಕಟ್ಟಿ ಕೂತು ಎದ್ದು ಬರುತ್ತಾಳೆ.

ಹೀಗೆ ದೇವರ ಹತ್ತಿರ ಯಾವ ಮಾತಿನಲ್ಲಿ, ಯಾರ ಮಾತಿನಲ್ಲಿ ಹೋಗಬೇಕು ಎಂಬುದು ಮನೆಯೊಳಗಿನ ಜಗಳವಾಗಿದ್ದಾಗ ಕೈಗೆ ಸಿಕ್ಕಿದ ಪುಸ್ತಕ ಇದು: ಸಿಸ್ಟರ್ ಜೆರಾಲ್ಡಿನ್ ಒಟ್ಟುಮಾಡಿದ ಪಂಡಿತಾ ರಮಾಬಾಯಿಯವರ ಪತ್ರವ್ಯವಹಾರ. ಎ.ಬಿ. ಶಾ ಸಂಪಾದಿಸಿ, ಮಹಾರಾಷ್ಟ್ರದ ಸಾಹಿತ್ಯ ಸಂಸ್ಕೃತಿ ಮಂಡಳಿ 1977ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮತಾಂತರದ ಚರಿತ್ರೆ ಬೇಕಾದವರು ಇದನ್ನು ತೆರೆಯುತ್ತಾರೆ, ಸ್ತ್ರೀವಾದದ ಚರಿತ್ರೆ ಬೇಕಾದವರೂ ತೆರೆಯುತ್ತಾರೆ. ಭಕ್ತಿಸಾಹಿತ್ಯ ಎಂದು ಇದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ನನಗೆ ಇದು ಮೊದಲಿಗೆ ಭಕ್ತಿಯ ಪುಸ್ತಕ, ಜಗಳವಾಡುವ ಭಕ್ತಿಯ ಪುಸ್ತಕ.

ಹಿನ್ನೆಲೆ ಚುಟುಕಾಗಿ. ಅನಂತ ಶಾಸ್ತ್ರಿ ಡೋಂಗರೆ ಮತ್ತು ಲಕ್ಷ್ಮೀಬಾಯಿಯವರ ಮಗಳು ರಮಾ. ಮನೆಮಂದಿಯೆಲ್ಲ ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತ ನಡೆದವರು. ತಂದೆತಾಯಿ ಬರಗಾಲದಲ್ಲಿ ತೀರಿಹೋದರು. ಕಲ್ಕತ್ತೆಯ ಪಂಡಿತರು 1878ರಲ್ಲಿ ಆಕೆಯ ಸಂಸ್ಕೃತಕ್ಕೆ ಬೆರಗಾಗಿ ಬಿರುದು ಕೊಟ್ಟರು. 1882ರ ಹೊತ್ತಿಗೆ ವಿಧವೆ, ಕಂಕುಳಲ್ಲಿ ಮಗಳು ಮನೋರಮಾ. ಪುಣೆಯಲ್ಲಿ ಪರಿಚಯವಾದ ಆಂಗ್ಲಿಕನ್ ಸಿಸ್ಟರುಗಳ ಮೂಲಕ ಮುಂದಿನ ವರ್ಷ ಇಂಗ್ಲೆಂಡಿನ ವಾಂಟೇಜ್ ಮಠ ಸೇರಿದರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಸಿಸ್ಟರ್ ಜೆರಾಲ್ಡಿನ್ ಧರ್ಮತಾಯಿ. ರಮಾಬಾಯಿ ಆಕೆಯನ್ನು 'ಆಜೀಬಾಯಿ' ಎಂದೇ ಕರೆಯುತ್ತಿದ್ದರು. ಅಜ್ಜಿ ಅಂದಮೇಲೆ ಜಗಳಕ್ಕೂ ಸಲಿಗೆ ಇರುತ್ತದೆ.

ವಾಂಟೇಜ್ ಎಂಥ ಜಾಗ ಎಂದು ತಿಳಿಯದೆ ಈ ಪತ್ರಗಳ ಬಿಸಿ ತಟ್ಟುವುದಿಲ್ಲ. ಇಂಗ್ಲೆಂಡಿನ ಸಭೆ ಆಗ ಒಳಗೊಳಗೇ ಎರಡು ಹೋಳಾಗಿತ್ತು. 1833ರಲ್ಲಿ ಆಕ್ಸ್‌ಫರ್ಡಿನಿಂದ ಎದ್ದ ಚಳವಳಿಯೊಂದು ನಮ್ಮ ಸಭೆ ಅಪೊಸ್ತಲರಿಂದ ಕೈಯಿಂದ ಕೈಗೆ ಬಂದದ್ದು, ಬಿಷಪ್ಪರ ಅಭಿಷೇಕ, ಪ್ರಭುಭೋಜನ, ಪಾಪನಿವೇದನೆ ಇವೇ ಅದರ ಜೀವ ಎಂದಿತು. ಇವರು ಹೈ ಚರ್ಚಿನವರು. ಇನ್ನೊಂದು ಕಡೆ ಸುವಾರ್ತಾವಾದಿಗಳು. ಬೈಬಲ್ಲು, ಉಪದೇಶ, ಒಳಗಿನ ಪರಿವರ್ತನೆ, ಇಷ್ಟಿದ್ದರೆ ಅವರಿಗೆ ಸಾಕು. ಧೂಪ, ಮೇಣದಬತ್ತಿ, ಕಸೂತಿಯ ನಿಲುವಂಗಿ ಕಂಡರೆ ಅವರಿಗೆ ರೋಮಿನ ವಾಸನೆ. ಜಗಳ ಪಾರ್ಲಿಮೆಂಟಿಗೂ ಹೋಗಿ 1874ರಲ್ಲಿ ಆರಾಧನೆಯ ಕ್ರಮವನ್ನು ಹದ್ದಿನಲ್ಲಿಡುವ ಕಾನೂನೇ ಬಂತು. ಸಿಡ್ನಿ ಗ್ರೀನ್ ಎಂಬ ಪಾದ್ರಿ ಇದೇ ಕಾನೂನಿನಡಿ ಒಂದೂವರೆ ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು 1882ರ ಕೊನೆಗೆ ಹೊರಬಂದರು. ಮಾರನೆಯ ವರ್ಷವೇ ರಮಾಬಾಯಿ ಇಂಗ್ಲೆಂಡಿಗೆ ಹೋದದ್ದು. ವಿಲಿಯಂ ಬಟ್ಲರ್ 1848ರಲ್ಲಿ ಸ್ಥಾಪಿಸಿದ ವಾಂಟೇಜ್ ಮಠ ಹೈ ಚರ್ಚ್ ಬಣಕ್ಕೆ ಸೇರಿದ್ದು. ಅಂದರೆ, ಸಭೆಗೆ ವಿಧೇಯಳಾಗಿರು ಎಂದು ರಮಾಬಾಯಿಗೆ ಬುದ್ಧಿ ಹೇಳುತ್ತಿದ್ದವರ ಬಣದ ಪಾದ್ರಿಗಳೇ ತಮ್ಮ ಮನಸ್ಸಾಕ್ಷಿಗಾಗಿ ದೇಶದ ಕಾನೂನು ಮೀರಿ ಸೆರೆಗೆ ಹೋಗುತ್ತಿದ್ದರು. ಈ ವಿಪರ್ಯಾಸ ಜೆರಾಲ್ಡಿನ್ ಅವರ ಪತ್ರಗಳಲ್ಲಿ ಎಲ್ಲೂ ಸುಳಿಯುವುದಿಲ್ಲ.

ಜಗಳದ ವಿಷಯಗಳು ಒಮ್ಮೊಮ್ಮೆ ಆಕಾಶದಷ್ಟು, ಒಮ್ಮೊಮ್ಮೆ ಅಡುಗೆಮನೆಯಷ್ಟು. ತ್ರಿಯೇಕತ್ವದ ಬೋಧನೆ ತನಗೆ ಒಪ್ಪಿಗೆಯಾಗುವುದಿಲ್ಲ ಎನ್ನುತ್ತಾರೆ ರಮಾಬಾಯಿ. ಪವಾಡಗಳ ಬಗ್ಗೆ ಕೇಳುತ್ತಾರೆ. ಸಭೆಯ ಮಾತೆಲ್ಲ ದೇವರ ಮಾತೇ ಎಂದು ಒಪ್ಪಿಕೊಳ್ಳುವುದಕ್ಕೆ ತಾನು ನಮ್ಮ ಪುರೋಹಿತರ ನೊಗ ಕಳಚಿ ಬಂದದ್ದಲ್ಲ ಎನ್ನುತ್ತಾರೆ. ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿದ್ದಾಗ ಗಂಡುಹುಡುಗರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಬೇಡವೆಂದರು. ರಮಾಬಾಯಿ, ನನ್ನ ದೇಶದ ಗಂಡಸರ ಮುಂದೆ ಸಭೆಗಳಲ್ಲಿ ಮಾತಾಡಿ ಬಂದವಳಿಗೆ ಇದೇನು ಎಂದು ಸಿಟ್ಟಾದರು. ಮೊಟ್ಟೆ ಹಾಕಿದ ಪುಡಿಂಗ್ ತಿನ್ನದಿರುವುದೂ ಜೆರಾಲ್ಡಿನ್‌ಗೆ ಹಳೇ ಜಾತಿಯ ಅಹಂಕಾರವಾಗಿ ಕಂಡಿತು. ಇದನ್ನು ಓದಿ ನನ್ನ ಹೆಂಡತಿ ನಕ್ಕಳು, ನಾನೂ ನಕ್ಕೆ. ಹಾಗಂತ ಆ ಆರೋಪವನ್ನು ಪೂರ್ತಿ ತಳ್ಳಿಹಾಕುವುದೂ ಕಷ್ಟ. ಜಾತಿ ನಾಲಿಗೆಯಿಂದ ಕೊನೆಗೆ ಇಳಿಯುವಂಥದ್ದು ಎಂಬುದು ನಮ್ಮ ಕ್ರೈಸ್ತ ಮನೆಗಳಿಗೂ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಲುಬೆಯ ಪ್ರಸಂಗ. ಸಿಸ್ಟರುಗಳು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ನನ್ನ ಜನಕ್ಕೆ ಲ್ಯಾಟಿನ್ ಯಾತಕ್ಕೆ, ಸಂಸ್ಕೃತ ಯಾಕಾಗಬಾರದು ಎಂದು ರಮಾಬಾಯಿ ಕೇಳಿದರು. ಸಂಸ್ಕೃತ ದೇವಭಾಷೆ ಎಂಬ ಕಾರಣಕ್ಕಲ್ಲ, ಅದು ತನ್ನ ನಾಡಿನ ಹಳೆಯ, ಚೆಲುವಾದ ಭಾಷೆ ಎಂಬ ಕಾರಣಕ್ಕೆ. ಆ ಪತ್ರ ಓದಿದ ಭಾನುವಾರ ಅವ್ವನ ಮುಚ್ಚಿದ ಬಾಯಿ ನೋಡಿ ನನಗೆ ಬೇರೆ ಥರ ಸಂಕಟವಾಯಿತು.

ಜೆರಾಲ್ಡಿನ್ ಬರೀ ಪತ್ರ ಬರೆದವರಲ್ಲ, ಸಂಗ್ರಹಿಸಿದವರೂ ಅವರೇ. ಪೀಠಿಕೆಯಲ್ಲಿ, ನಡುನಡುವಿನ ಟಿಪ್ಪಣಿಗಳಲ್ಲಿ ಈ ಹೆಣ್ಣುಮಗಳಿಗೆ ಗರ್ವ, ಹಟ, ಹೊಗಳಿಕೆಯ ಆಸೆ ಎಂದು ಷರಾ ಬರೆಯುತ್ತ ಹೋಗುತ್ತಾರೆ. ಮೊದಲ ಓದಿನಲ್ಲಿ ಮೈ ಉರಿಯುತ್ತದೆ. ಎರಡನೇ ಓದಿನಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಈ ವಾದದಲ್ಲಿ ಸೋತವರು ಜೆರಾಲ್ಡಿನ್. ತಮ್ಮನ್ನು ಸೋಲಿಸಿದ ಪತ್ರಗಳನ್ನು ಅವರು ಹರಿದುಹಾಕಲಿಲ್ಲ, ದಶಕಗಳ ಕಾಲ ಕಾಪಾಡಿ ಜೋಡಿಸಿಟ್ಟರು. ಷರಾಗಳನ್ನು ಬರೆದದ್ದೂ ಆ ಕೈಯೇ, ಸಾಕ್ಷ್ಯ ಉಳಿಸಿದ್ದೂ ಆ ಕೈಯೇ. ಇದು ಪ್ರಾಮಾಣಿಕತೆಯೋ, ಓದಿದವರು ತನ್ನ ಕಡೆಯೇ ನಿಲ್ಲುತ್ತಾರೆಂಬ ನಂಬಿಕೆಯೋ ತೀರ್ಮಾನಿಸಲು ನನಗಾಗಿಲ್ಲ.

ಈಚಿನ ವಿಮರ್ಶಕರು ಈ ಪತ್ರಗಳಿಗೆ ಹೊಸ ಜೀವ ಕೊಟ್ಟರು, ನಿಜ. ಗೌರಿ ವಿಶ್ವನಾಥನ್ ಅವರ 1998ರ ಪುಸ್ತಕ ಈ ವಾದವನ್ನು ಸಾಮ್ರಾಜ್ಯದ ರಾಜಕೀಯಕ್ಕೆ ಜೋಡಿಸಿ, ಸಭೆಯೊಳಗಿನ ಭಿನ್ನಮತವಾಗಿ ಓದುತ್ತದೆ. ಆ ಓದಿಗೆ ನಾನೂ ಋಣಿ. ಆದರೆ ಇಂಥ ಓದುಗಳಲ್ಲಿ ಒಟ್ಟಾರೆ ನನಗಿರುವ ತಕರಾರು ಒಂದೇ. ಇಲ್ಲಿ ರಮಾಬಾಯಿ ಸದಾ ಪ್ರತಿರೋಧಿಸುತ್ತಲೇ ಇರುತ್ತಾರೆ, ಮೊಣಕಾಲೂರುವುದೇ ಇಲ್ಲ. ವಾಂಟೇಜಿನ ಒಡತಿಯರಿಗೆ ಎದುರಾಡಿದ ರಮಾಬಾಯಿ ನಮಗೆ ಇಷ್ಟ. 1905ರಲ್ಲಿ ಮುಕ್ತಿಯ ನೂರಾರು ಹೆಣ್ಣುಮಕ್ಕಳು ಒಟ್ಟಿಗೇ ದನಿಯೆತ್ತಿ ಅಳುತ್ತ ಪ್ರಾರ್ಥಿಸುತ್ತಿದ್ದಾಗ ಅವರ ನಡುವೆ ಇದ್ದ ರಮಾಬಾಯಿಯನ್ನು ಏನು ಮಾಡಬೇಕೆಂದು ನಮಗೆ ತಿಳಿಯುವುದಿಲ್ಲ. ಮುಜುಗರವಾಗಿ ಪುಟ ತಿರುಗಿಸುತ್ತೇವೆ.

ಎರಡರ ನಡುವಿನ ಸೇತುವೆ ಅವರೇ 1907ರಲ್ಲಿ ಬರೆದ ಆತ್ಮಸಾಕ್ಷ್ಯದಲ್ಲಿದೆ. ಇಂಗ್ಲೆಂಡು ಅಮೆರಿಕಗಳಲ್ಲಿ ಎದುರಾದ ಪಂಥಗಳ ಪಟ್ಟಿಯನ್ನು ಅಲ್ಲಿ ಕೊಡುತ್ತಾರೆ. ಹೈ ಚರ್ಚು, ಲೋ ಚರ್ಚು, ಬ್ಯಾಪ್ಟಿಸ್ಟು, ಮೆಥಡಿಸ್ಟು, ಇನ್ನೂ ಎಷ್ಟೋ. ಥಿಯಾಸಫಿಸ್ಟರಲ್ಲಿ ನಮ್ಮ ನಾಸ್ತಿಕರು ಕಂಡರು, ಇನ್ನೊಂದು ಗುಂಪಿನಲ್ಲಿ ಹಳೇ ವೇದಾಂತಿಗಳು ಕಂಡರು ಎಂದು ತಣ್ಣಗೆ ಬರೆಯುತ್ತಾರೆ. ಊರೂರು ತಿರುಗಿ ಪುರಾಣ ಹೇಳಿದವರ ಮಗಳ ಕಣ್ಣು ಇದು, ಪಂಥಗಳ ಸಂತೆಯನ್ನು ಮೊದಲೇ ನೋಡಿದ ಕಣ್ಣು. ಕೊನೆಗೆ ಅವರ ಮನಸ್ಸು ತಿರುಗಿದ್ದು ವಿಲಿಯಂ ಹಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆಯಿಂದ. ಈ ಹಸ್ಲಮ್ ಪಕ್ಕಾ ಹೈ ಚರ್ಚಿನವರು. 1851ರಲ್ಲಿ ಕಾರ್ನ್‌ವಾಲಿನ ತಮ್ಮ ಚರ್ಚಿನಲ್ಲಿ ಉಪದೇಶ ಮಾಡುತ್ತಿರುವಾಗಲೇ, ತಮ್ಮದೇ ಉಪದೇಶ ಕೇಳಿ ಪರಿವರ್ತನೆಯಾದವರು! ಇದಕ್ಕಿಂತ ತಮಾಷೆಯ, ಇದಕ್ಕಿಂತ ಗಂಭೀರವಾದ ಕಥೆ ಆ ಸಭೆಯ ಚರಿತ್ರೆಯಲ್ಲಿ ನನಗೆ ಸಿಕ್ಕಿಲ್ಲ. ಆಂಗ್ಲಿಕನ್ ಸಭೆಯ ಒಂದು ಹೋಳು ದೀಕ್ಷೆ ಕೊಟ್ಟ ಹೆಣ್ಣುಮಗಳಿಗೆ ಅದೇ ಸಭೆಯ ಇನ್ನೊಂದು ಹೋಳು ನೆಮ್ಮದಿ ಕೊಟ್ಟಿತು. ಅವರು ಆಂಗ್ಲಿಕನ್ ಸಭೆಯಿಂದ ದೂರ ನಡೆದರು ಎಂದಷ್ಟೇ ಹೇಳುವವರು ಈ ಪುಟವನ್ನು ಮತ್ತೆ ಓದಬೇಕು.

ನಮ್ಮ ಸಿಎಸ್‌ಐ ಕೂಡ ಇದೇ ಜಗಳದ ಮೇಲೆ ಕಟ್ಟಿದ ಮನೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಒಂದಾದರು. ನಮ್ಮ ಧಾರವಾಡ ಸೀಮೆಯ ಬಾಸೆಲ್ ಮಿಷನ್ ಸಭೆಗಳು ತಡವಾಗಿ ಬಂದು ಕೂಡಿಕೊಂಡವು. ಬಿಷಪ್ಪರ ಕೈಯಿಂದ ಅಭಿಷೇಕವಾಗದ ಪಾದ್ರಿಗಳನ್ನೂ ಹಾಗೇ ಒಪ್ಪಿಕೊಂಡದ್ದು ಇಂಗ್ಲೆಂಡಿನ ಹೈ ಚರ್ಚಿನವರಿಗೆ ಸಹಿಸಲಿಲ್ಲ. ಈ ಐಕ್ಯದ ಯೋಜನೆಯ ವಿರುದ್ಧ 1943ರಲ್ಲೇ ಕಿರುಹೊತ್ತಿಗೆ ಬರೆದವರಲ್ಲಿ ಕವಿ ಟಿ.ಎಸ್. ಎಲಿಯಟ್ ಒಬ್ಬರು. ಎಂ.ಎ. ತರಗತಿಯಲ್ಲಿ ಎಲಿಯಟ್ ಓದುವ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು. ಬೆಟಗೇರಿಯ ನಮ್ಮಜ್ಜನಂಥವರ ಜೊತೆ ತನ್ನ ಸಭೆ ಒಂದಾಗುವುದು ಐಕ್ಯವಲ್ಲ, ಸಭೆಯ ನಾಶ ಎಂದು ಆ ದೊಡ್ಡ ಕವಿ ನಂಬಿದ್ದರು.

ಶಿಲುಬೆಯ ಮೇಲೆ ಸಂಸ್ಕೃತ ಕೇಳಿದ ರಮಾಬಾಯಿ ಮುಂದೆ ಏನು ಮಾಡಿದರು? ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದರು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ಸ್ವಲ್ಪ ಮುಂಚೆಯಷ್ಟೇ ಅದು ಮುಗಿದಿತ್ತು. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಆ ಅನುವಾದದಲ್ಲಿ ಅವರು ವೇದಾಂತದ ಛಾಯೆಯಿರುವ ಸಂಸ್ಕೃತ ಪದಗಳನ್ನು ಹುಡುಕಿ ಹುಡುಕಿ ಬಿಟ್ಟರು. ಶಾಲೆ ಕಾಣದ ಹೆಂಗಸಿಗೆ ತಿಳಿಯುವ ಸಾದಾ ಮರಾಠಿ ಅವರಿಗೆ ಬೇಕಿತ್ತು. ಒಂದು ಕಾಲಕ್ಕೆ ಸ್ವಾಭಿಮಾನದ ಗುರುತಾಗಿದ್ದ ಭಾಷೆಯನ್ನು ಕೈಯಾರೆ ಸೋಸಿ ತೆಗೆಯುವುದು ಪಂಡಿತೆಗೆ ಸುಲಭವಿದ್ದೀತೇ? ಈ ತಿರುವಿನ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಅನುಮಾನವೂ ಇದೆ. ಅದೇ ಕಾಲದಲ್ಲಿ ಅಹಮದನಗರದ ನಾರಾಯಣ ವಾಮನ ತಿಲಕರು ತುಕಾರಾಮರ ದಾರಿಯಲ್ಲೇ ಕ್ರಿಸ್ತನಿಗೆ ಅಭಂಗ ಕಟ್ಟಿದರು. ಪಾಲಖಿ ಇಂದಾಪುರಕ್ಕೆ ಬಂದ ರಾತ್ರಿ ಮಾಳಿಗೆಯ ಮೇಲೆ ನಿಂತು ತಾಳದ ಸದ್ದು ಕೇಳುವಾಗ ನನಗೆ ತಿಲಕರು ಮಾಡಿದ್ದೇ ಸರಿ ಅನ್ನಿಸುತ್ತದೆ. ಬೆಳಗಾದ ಮೇಲೆ ಅಷ್ಟು ಖಾತ್ರಿ ಇರುವುದಿಲ್ಲ.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ರಮಾಬಾಯಿಯ ಕಡೆಗೇ ತಕ್ಕಡಿ ತೂಗಿದ್ದೀನೆಂದು ಅವಳಿಗೆ ಗೊತ್ತಾಯಿತು. 'ನಿಮ್ಮ ಆಜೀಬಾಯಿನ ಅಷ್ಟು ಬೇಗ ಬಿಡಬೇಡಿ ರೀ' ಅಂದಳು. 'ಅಪ್ಪ ಹೋದ ದಿನ ನನ್ನ ಹತ್ರ ಸ್ವಂತ ಮಾತು ಒಂದೂ ಇರಲಿಲ್ಲ. ಪುಸ್ತಕದ ಮಾತು ಇತ್ತು, ಅದನ್ನೇ ಹೇಳಿದೆ. ಯಾರೋ ನನಗೋಸ್ಕರ ಮೊದಲೇ ಬರೆದಿಟ್ಟಿದ್ರು ಅನ್ನಿಸ್ತು.' ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜೆರಾಲ್ಡಿನ್ ಸಭೆ ಎಂದು ಬರೆದಾಗಲೆಲ್ಲ ನಾನು ಅಧಿಕಾರ ಎಂದೇ ಓದಿಕೊಂಡಿದ್ದೆ. ಆ ಪದದ ಒಳಗೆ ಆಕೆಗೆ ಇದೂ ಇದ್ದಿರಬಹುದು ಎಂದು ಆ ಪತ್ರಗಳನ್ನು ಮತ್ತೆ ಮೊದಲಿನಿಂದ ಓದುತ್ತಿದ್ದೇನೆ.

ಹೋದ ತಿಂಗಳು ಚೌಫುಲಾದಲ್ಲಿ ಕೊನೆಗೂ ಗಾಡಿ ತಿರುಗಿಸಿದೆ. ಅವ್ವನೂ ಇದ್ದಳು. ಕೇಡಗಾಂವ್ ಸೇರುವವರೆಗೂ ಅವಳು ಕೇಳಿದ್ದು ಒಂದೇ: 'ಆಕಿಗೆ ಕನ್ನಡ ಬರ್ತಿತ್ತೇನೋ?'