ಹಸಿರು ಎನ್ನಿಸಿಕೊಳ್ಳಲು ಎಲೆಯೊಂದೇ ಸಾಲದು

ಬೇವಿನ ಎಲೆ ಕುದಿಸಿ ಸೋಸಿದ ಕಷಾಯವನ್ನು ಬಣ್ಣವಿಲ್ಲದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ ಅದು ಮೊದಲು ಹಳದಿಗೆ ತಿರುಗಿ, ಬರಬರುತ್ತ ಕಂದು ಬಣ್ಣವಾಗುತ್ತದೆ. ಎಲೆಯಲ್ಲಿರುವ ಪಾಲಿಫಿನಾಲ್‌ನಂಥ ವಸ್ತುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹದ ನ್ಯಾನೊ ಕಣವಾಗಿಸುತ್ತವೆ. ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವುದೂ ಇವೇ. ಹೈಡ್ರಜೀನ್‌, ಸೋಡಿಯಂ ಬೋರೋಹೈಡ್ರೈಡ್‌ಗಳಂಥ ಕಟು ರಾಸಾಯನಿಕಗಳ ಹಂಗಿಲ್ಲ; ಹಾಗಾಗಿಯೇ ಇದನ್ನು ‘ಹಸಿರು’ ವಿಧಾನ ಎನ್ನುತ್ತಾರೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡ ಬೇವಿನಿಂದ ಚಿನ್ನ, ಬೆಳ್ಳಿಯ ಕಣ ಮಾಡಿದ್ದನ್ನು 2004ರಲ್ಲಿ ಪ್ರಕಟಿಸಿತು. ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆ ಬೆಳೆಯುವ ಮೆಣಸಿನಕಾಯಿಯ ಜಾತಿಯ ಸಸ್ಯಸಾರದಿಂದ ಬೆಳ್ಳಿ ಕಣ ಬಂದದ್ದು 2007ರಲ್ಲೇ ವರದಿಯಾಗಿದೆ. ಈ ರಸಾಯನಶಾಸ್ತ್ರ ಗಟ್ಟಿಯಾದದ್ದು. ದುಬಾರಿ ಸಲಕರಣೆ ಇಲ್ಲದ ಕಾಲೇಜೂ ಇದನ್ನು ಮಾಡಬಹುದೆಂಬುದು ಇದರ ದೊಡ್ಡ ಗುಣ.

ಆದರೆ ಮುಂದಿನ ಎಷ್ಟೋ ಪ್ರಬಂಧಗಳಲ್ಲಿ ಬದಲಾದದ್ದು ಗಿಡದ ಹೆಸರು ಮಾತ್ರ. ಎಲೆ ಯಾವ ತಳಿಯದು, ಯಾವ ಮಣ್ಣಿನದು, ಯಾವ ತಿಂಗಳಲ್ಲಿ ಕಿತ್ತದ್ದು ಎಂದು ಬರೆಯದಿದ್ದರೆ ಇನ್ನೊಬ್ಬರು ಅದೇ ಕಣವನ್ನು ಮತ್ತೆ ಪಡೆಯುವುದು ಕಷ್ಟ. ಬೆಳ್ಳಿ ಕಣದಿಂದ ಬ್ಯಾಕ್ಟೀರಿಯಾ ಸತ್ತವೆಂದು ತೋರಿಸುವವರು ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟನ್ನೂ ಬರೀ ಕಷಾಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲದಿದ್ದರೆ ಕೊಂದದ್ದು ಕಣವೋ, ಉಳಿದ ಅಯಾನೋ ತಿಳಿಯದು. ಬೆಳ್ಳಿ ಚರಂಡಿ ಸೇರಿದರೆ ನೀರಿನ ಜೀವಿಗಳಿಗೂ ವಿಷ.

ಬಳ್ಳಾರಿಗೆ ಇದು ದೂರದ ಮಾತಲ್ಲ. ಇದು ಜೀನ್ಸ್‌ನ ಊರು. ಪ್ರಯೋಗಾಲಯದಲ್ಲಿ ಶುದ್ಧ ನೀರಿಗೆ ಮೆಥಿಲೀನ್ ಬ್ಲೂ ಎಂಬ ಬಣ್ಣ ಹಾಕಿ, ನ್ಯಾನೊ ಕಣದಿಂದ ಬಣ್ಣ ಹೋಯಿತೆಂದು ತೋರಿಸುವುದು ವಾಡಿಕೆ. ಆದರೆ ಜೀನ್ಸ್ ತೊಳೆದ ನೀರಿನಲ್ಲಿ ಇಂಡಿಗೊ ಬಣ್ಣದ ಜೊತೆಗೆ ಗಂಜಿ, ಉಪ್ಪು, ಮಾರ್ಜಕ ಎಲ್ಲವೂ ಇರುತ್ತವೆ. ಅಲ್ಲಿ ಕೆಲಸ ಮಾಡದ ಕಣದಿಂದ ಈ ಊರಿಗೆ ಉಪಯೋಗವಿಲ್ಲ. ಬಣ್ಣ ಹೋದ ಮೇಲೂ ನೀರಿನಲ್ಲಿ ಏನು ಉಳಿಯಿತು, ಕಣವನ್ನು ಮರಳಿ ಪಡೆಯಲಾಯಿತೇ ಎಂಬುದನ್ನೂ ಅಳೆಯಬೇಕು.

ಇದಕ್ಕೆ ಬೇಕಾದ ಅನುಕೂಲ ಇಲ್ಲಿಯೇ ಇದೆ. 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಳ್ಳಾರಿಯಲ್ಲಿದೆ. ಬೆಳೆಯ ತಳಿ, ಬಿತ್ತನೆಯ ಲೆಕ್ಕ ಬಲ್ಲ ಕೃಷಿ ಸಂಶೋಧನಾ ಕೇಂದ್ರ ಇದೇ ಜಿಲ್ಲೆಯ ಸಿರುಗುಪ್ಪದಲ್ಲಿದೆ. ಇವೆರಡೂ ಕೈಜೋಡಿಸಿ, ತಳಿ ಗೊತ್ತಿರುವ ಗಿಡದ ಎಲೆಯಿಂದ ಮಾಡಿದ ಕಣವನ್ನು ಜೀನ್ಸ್ ತೊಳೆದ ನೀರಿನಲ್ಲೇ ಪರೀಕ್ಷಿಸಲಿ. ಸೋತರೆ ಸೋಲನ್ನೂ ಅಚ್ಚು ಹಾಕಿಸಲಿ. ಹತ್ತು ಹೊಸ ಎಲೆಗಳ ಪ್ರಬಂಧಕ್ಕಿಂತ ಅಂಥ ಒಂದು ಪ್ರಬಂಧಕ್ಕೆ ತೂಕ ಹೆಚ್ಚು.