ಜೇವರ್ಗಿಯ ಗೋರಿ, ಮುಂಬಯಿಯ ಸಭೆ

1804ರ ನವೆಂಬರ್ 26ರಂದು ಜೇಮ್ಸ್ ಮ್ಯಾಕಿಂಟಾಷ್ ಮುಂಬಯಿಯಲ್ಲಿ ಸಾಹಿತ್ಯ ಸಭೆ ಕಟ್ಟಿದಾಗ, ಅದರಲ್ಲಿ ಈ ನೆಲದವರಿಗೆ ಜಾಗವಿರಲಿಲ್ಲ. ವಿಲಿಯಂ ಜೋನ್ಸ್ 1784ರಲ್ಲಿ ಕಟ್ಟಿದ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯೂ ಭಾರತೀಯರನ್ನು ಒಳಗೆ ಬಿಟ್ಟುಕೊಂಡದ್ದು 1829ರಲ್ಲಿ. ಇದನ್ನು ಬರೀ ಅನ್ಯಾಯ ಎಂದು ಬಿಟ್ಟರೆ ಸಾಲದು. ಆ ಹೊರಗಿಡುವಿಕೆಯಿಂದ ವಿದ್ವತ್ತಿಗೇ ಪೆಟ್ಟು ಬಿತ್ತು. ಅದಕ್ಕೆ ಸಾಕ್ಷಿ ಈ ಭೀಮಾ ನದಿಯ ಸೀಮೆಯಲ್ಲೇ ಇದೆ. ಸುರಪುರದಲ್ಲಿ ಆಡಳಿತಕ್ಕಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಹತ್ತಿರ ಕಲ್ಲುಗುಂಡುಗಳ ಸುತ್ತುಗಟ್ಟಿದ್ದ ಗೋರಿಗಳನ್ನು ಅಗೆಸಿ, ಅದರ ವರದಿಯನ್ನು ಮುಂಬಯಿ ಸಭೆಯ ಪತ್ರಿಕೆಗೆ ಕೊಟ್ಟರು. ಅಷ್ಟೊತ್ತಿಗೆ ಆ ಸಭೆ ರಾಯಲ್ ಏಷ್ಯಾಟಿಕ್ ಸೊಸೈಟಿಯ ಶಾಖೆಯಾಗಿತ್ತು. ಟೇಲರ್ ಗೋರಿಯನ್ನು ಮೇಲಿಂದ ಕೆಳತನಕ ಸೀಳಿ ತೋರಿಸುವ ನಕ್ಷೆ ಬರೆದರು: ಮೇಲೆ ಕಲ್ಲಿನ ರಾಶಿ, ಅದರಡಿ ಮಣ್ಣು, ತಳದಲ್ಲಿ ಎಲುಬು, ಮಡಕೆ. ನಿಧಿಗಾಗಿ ನೆಲ ಅಗೆಯುತ್ತಿದ್ದ ಕಾಲದಲ್ಲಿ ಯಾವುದು ಯಾವುದರ ಮೇಲಿತ್ತು ಎಂದು ಗುರುತಿಸಿಟ್ಟದ್ದು ದೊಡ್ಡ ಸಂಗತಿ. ನೂರು ವರ್ಷದ ಮೇಲೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇದನ್ನು ಮೆಚ್ಚಿ ಬರೆದರು.

ಹಿರಿಮೆ ಟೇಲರ್‌ದು, ಸಭೆಯದಲ್ಲ ಎನ್ನಬಹುದು. ಆದರೆ ಓದಿಸಿ, ಅಚ್ಚು ಹಾಕಿಸಿ, ಕಾಪಿಡುವ ಸಭೆಯೊಂದು ಇರದಿದ್ದರೆ ಆ ನಕ್ಷೆ ಯಾವುದೋ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿಯುತ್ತಿತ್ತು. ಸಭೆಯ ಈ ಋಣವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದೇ ಸಭೆಯ ಕೊರತೆಯೂ ಅದೇ ಬರಹಗಳಲ್ಲಿದೆ. ಕಣ್ಣು ಅಷ್ಟು ಚುರುಕಾಗಿದ್ದ ಟೇಲರ್, ಕಟ್ಟಿದವರು ಯಾರು ಎಂಬ ಪ್ರಶ್ನೆ ಬಂದಾಗ ಯುರೋಪಿನ ಡ್ರೂಯಿಡ್ ಪುರೋಹಿತರನ್ನೂ ಸಿಥಿಯನ್ ಅಲೆಮಾರಿಗಳನ್ನೂ ಹುಡುಕಿಕೊಂಡು ಹೋದರು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಮನೆಯಾಕಾರದ ಕಲ್ಲುಗೋರಿಗಳಿಗೆ ಜನ ‘ಮೋರ್ಯರ ಮನೆ’ ಎನ್ನುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಅದು ಅವರಿಗೆ ಹಳ್ಳಿಯ ಕಥೆಯಾಗಿಯೇ ಉಳಿಯಿತು.

ಆ ಕಲ್ಲುಮನೆಗಳಲ್ಲಿ ಮೋರ್ಯರೆಂಬ ಕುಳ್ಳರು ಇದ್ದರೆಂಬ ಕಥೆ ಚರಿತ್ರೆಯಲ್ಲವಲ್ಲ ಎಂದು ಕೇಳಬಹುದು. ಚರಿತ್ರೆಯಲ್ಲ, ನಿಜ. ಆದರೆ ಆ ಹೆಸರು ಒಂದು ದಾರಿ. ಗಂಗಾವತಿಯ ಹಿರೇಬೆಣಕಲ್ಲಿನಲ್ಲಿ ಇಂಥದೇ ಕಲ್ಲುಮನೆಗಳ ಗುಡ್ಡಕ್ಕೆ ಮೋರ್ಯರ ಗುಡ್ಡ ಎನ್ನುತ್ತಾರೆ. ಹೆಸರಿನ ಬೆನ್ನು ಹತ್ತಿದ್ದರೆ ಸಮುದ್ರ ದಾಟದೆ ಈ ನೆಲದಲ್ಲೇ ಗೋರಿಯಿಂದ ಗೋರಿಗೆ ನಡೆಯಬಹುದಿತ್ತು. ಆ ಮಾತಿನ ತೂಕ ಬಲ್ಲ ಒಬ್ಬ ಕನ್ನಡಿಗನಾದರೂ ಮುಂಬಯಿ ಸಭೆಯ ಮೇಜಿನ ಸುತ್ತ ಬೇಕಿತ್ತು.