ರಾಯಕೋಟೆಯ ಪುಸ್ತಕ ಮತ್ತು ಕುಂಚದ ಮೋಡಗಳು

ಕೈಯಿಂದ ಮಾಡಿದ ಪುಸ್ತಕವೆಂದರೆ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಪ್ರೀತಿ ತುಸು ಜಾಸ್ತಿಯೇ. ದಿನವಿಡೀ ನಕಲು ಮಾಡುವುದೇ ನಮ್ಮ ಕಸುಬು. ಮೂಲಕ್ಕೂ ನಕಲಿಗೂ ಒಂದೇ ಒಂದು ಬಿಟ್ಟಿನ ವ್ಯತ್ಯಾಸ ಬಂದರೂ ಅದು ದೋಷ. ಒಂದು ಪ್ರತಿ ಇನ್ನೊಂದರಂತಿಲ್ಲದ ಪುಸ್ತಕವನ್ನು ಕಂಡರೆ ಹಾಗಾಗಿ ನಮಗೆ ಬೆರಗು. ಆ ಬೆರಗಿಗೆ ನ್ಯೂಯಾರ್ಕಿನಲ್ಲಿ ಕೊರತೆಯಿಲ್ಲ. 1974ರಲ್ಲಿ ಹುಟ್ಟಿದ ಸೆಂಟರ್ ಫಾರ್ ಬುಕ್ ಆರ್ಟ್ಸ್ ಇಲ್ಲಿದೆ. ಆನಾ ಆಟ್ಕಿನ್ಸ್ 1843ರಲ್ಲಿ ಆರಂಭಿಸಿದ, ಕಡಲ ಪಾಚಿಗಳ ನೀಲಿ ಸಯನೋಟೈಪ್ ಪುಸ್ತಕದ ಪ್ರತಿ ಪಬ್ಲಿಕ್ ಲೈಬ್ರರಿಯಲ್ಲಿದೆ. 2018ರಲ್ಲಿ ಅದರ ಪ್ರದರ್ಶನವೂ ಆಯಿತು. ಬೆಟ್ಟಗಳ ಛಾಯಾಚಿತ್ರಗಳನ್ನು ಪ್ಲಾಟಿನಂನಲ್ಲೋ ಸಯನೋಟೈಪಿನಲ್ಲೋ ಮುದ್ರಿಸಿ, ಕೈಯಲ್ಲೇ ಹೊಲಿದು, ಬೆರಳೆಣಿಕೆಯ ಪ್ರತಿಗಳಲ್ಲಿ ಹೊರತರುವ ಕಲಾವಿದರು ಇಂದಿಗೂ ಇದ್ದಾರೆ. ಇಂಥ ಪುಸ್ತಕ ಕೈಗೆ ಬಂದಾಗ "ಎಷ್ಟು ಚೆನ್ನಾಗಿದೆ!" ಎನ್ನುವುದು ಸುಲಭ. ಆಮೇಲೆ ಏನು ಕೇಳಬೇಕು ಎಂಬುದು ನಮ್ಮ ಪ್ರಶ್ನೆ.

ಉತ್ತರಕ್ಕೆ ನಮ್ಮದೇ ಗಡಿಯ ಒಂದು ಪುಸ್ತಕಕ್ಕೆ ಹೋಗೋಣ. ಆ ಕಾಲಕ್ಕೆ ಈ ವಿಧಾನಗಳು ಹಳೆಯವಾಗಿರಲಿಲ್ಲ, ಹವ್ಯಾಸವೂ ಆಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯಲ್ಲಿದ್ದ ಲಿನೇಯಸ್ ಟ್ರೈಪ್ (1822–1902) 1858ರಲ್ಲಿ ಹೊರತಂದ ಛಾಯಾಚಿತ್ರ ಸಂಪುಟಗಳಲ್ಲಿ ಒಂದು, ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಸ್ಥಳಗಳನ್ನು ಕುರಿತದ್ದು. ಮಧುರೆ, ತಂಜಾವೂರು, ಪುದುಕೋಟೆ, ಶ್ರೀರಂಗಗಳ ಸಂಪುಟಗಳು ದೇವಾಲಯ, ಅರಮನೆಗಳಿಂದಾಗಿ ಹೆಸರು ಮಾಡಿದವು. ರಾಯಕೋಟೆಯ ಪುಸ್ತಕ ಬೆಟ್ಟದ ಪುಸ್ತಕ. ಅದಕ್ಕೇ ಏನೋ, ಅದರ ಮಾತು ಕಡಿಮೆ.

ಟ್ರೈಪ್ ಕನ್ನಡಿಗರಿಗೆ ಅಪರಿಚಿತರಲ್ಲ. 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವರು ಇವರೇ. 2015ರ ಫೆಬ್ರವರಿಯಿಂದ ಮೇ ತನಕ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಇವರ ಭಾರತ-ಬರ್ಮಾ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಎಡಿಸನ್ನಿನಿಂದ ರೈಲು ಹತ್ತಿ ಹೋಗಿ ಹೊಯ್ಸಳರ ಕಲ್ಲನ್ನು ನೋಡಿಬಂದವರು ನಮ್ಮ ಬಳಗದಲ್ಲೂ ಇದ್ದಾರೆ.

ಈ ಪುಸ್ತಕಗಳ ತಯಾರಿಕೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವಿಮರ್ಶೆಯ ಎಳೆ ಅಲ್ಲಿಯೇ ಇದೆ. ದೊಡ್ಡ ಚಿತ್ರಗಳಿಗೆ ಟ್ರೈಪ್ ನೆಚ್ಚಿದ್ದು ಕಾಗದದ ನೆಗೆಟಿವ್. ಕಾಗದಕ್ಕೆ ಮೇಣ ಹಿಡಿಸಿ, ಅದು ಬೆಳಕು ಹಾಯುವಷ್ಟು ಪಾರದರ್ಶಕವಾಗುವಂತೆ ಮಾಡುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಎರಡನ್ನೂ ಒತ್ತಿಹಿಡಿದು ಬಿಸಿಲಿಗಿಟ್ಟರೆ ಚಿತ್ರ ಮೂಡುತ್ತಿತ್ತು. ಆಗಿನ್ನೂ ಅಚ್ಚುಮೊಳೆಗಳ ಜೊತೆಯಲ್ಲೇ ಛಾಯಾಚಿತ್ರವನ್ನು ಮುದ್ರಿಸುವ ಉಪಾಯ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಒಂದೊಂದು ಚಿತ್ರವನ್ನೂ ಪ್ರತ್ಯೇಕವಾಗಿ ತಯಾರಿಸಿ, ರಟ್ಟಿಗೆ ಅಂಟಿಸಿ, ವಿವರಣೆಯ ಹಾಳೆಗಳೊಂದಿಗೆ ಕಟ್ಟಬೇಕಿತ್ತು.

ಆ ಕಾಲದ ರಾಸಾಯನಿಕಗಳಿಗೆ ಒಂದು ಕುರುಡೂ ಇತ್ತು. ಅವು ನೀಲಿ ಬೆಳಕಿಗೆ ಅತಿಯಾಗಿ, ಹಸಿರಿಗೆ ತೀರ ಕಡಿಮೆಯಾಗಿ ಸ್ಪಂದಿಸುತ್ತಿದ್ದವು. ಪರಿಣಾಮವಾಗಿ ಆಕಾಶ ಬರೀ ಬಿಳಿ, ಮರಗಿಡ ಬರೀ ಕಪ್ಪು. ಬೆಟ್ಟದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನು? ಟ್ರೈಪ್ ತಮ್ಮ ಅನೇಕ ನೆಗೆಟಿವ್‌ಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡ ಮೂಡಿಸಿದರು, ಎಲೆಗಳಿಗೆ ಬೆಳಕು ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಯಾಚ್ ಹಾಕಿದರು.

ಇದು ಮೋಸವೇ? ಅಲ್ಲವೆಂದೇ ನಮ್ಮ ಅಭಿಪ್ರಾಯ. ದಖನ್ನಿನ ಬಂಡೆಬೆಟ್ಟದ ಮೇಲೆ ಮೋಡವಿರುವುದು ಸುಳ್ಳಲ್ಲ. ಯಂತ್ರ ಕಾಣಲಾರದ್ದನ್ನು ಕೈ ನೆನಪಿಟ್ಟುಕೊಂಡು ಹಿಂದಿರುಗಿಸಿತು, ಅಷ್ಟೆ. ಕಾಗದದ ನಾರು ಸೂಕ್ಷ್ಮ ವಿವರಗಳನ್ನು ಮೆತ್ತಗೆ ಒರೆಸಿ, ಬಂಡೆಯ ಭಾರವನ್ನು ಉಳಿಸಿಕೊಡುತ್ತದೆ. ಟ್ರೈಪ್ ಈ ಮಿತಿಯನ್ನು ಅರಿತು ಅದರೊಳಗೇ ದುಡಿದರು. ಇಲ್ಲಿ ಕೈಗೆಲಸಕ್ಕೆ ಕಾರಣವಿದೆ, ಆದ್ದರಿಂದಲೇ ಸೊಬಗೂ ಇದೆ.

ಆದರೆ ಕುಂಚ ತುಂಬಿಸದೆ ಬಿಟ್ಟ ಬಿಳಿ ಜಾಗಗಳೂ ಇವೆ. ರಾಯಕೋಟೆ ಬರೀ ಸುಂದರವಾದ ಬೆಟ್ಟವಲ್ಲ. ಮೈಸೂರು ಸೀಮೆಗೆ ಹತ್ತುವ ಘಟ್ಟದ ದಾರಿಯನ್ನು ಕಾಯುತ್ತಿದ್ದ ಕೋಟೆ ಅದು. 1791ರಲ್ಲಿ ಕಂಪನಿಯ ಸೇನೆ ಅದನ್ನು ಟಿಪ್ಪುವಿನಿಂದ ಕಸಿದುಕೊಂಡಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಸೀಮೆಯೇ ಕೈಬಿಟ್ಟುಹೋಯಿತು. ರಾಯಕೋಟೆ ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಪಕ್ಕದ ಹೊಸೂರಿನ ಕಡೆ ಕನ್ನಡ ಇಂದಿಗೂ ಕಿವಿಗೆ ಬೀಳುತ್ತದೆ. ಇಂಗ್ಲಿಷರ ಬಾಯಲ್ಲಿ "ದುರ್ಗ" ಎಂಬುದು "ಡ್ರೂಗ್" ಆಯಿತು. ಟ್ರೈಪ್ ಚಿತ್ರಗಳಲ್ಲಿ ಜನ ವಿರಳ. ದೀರ್ಘ ಎಕ್ಸ್‌ಪೋಷರ್‌ನಲ್ಲಿ ನಡೆದಾಡುವವರು ಅಳಿಸಿಹೋಗುತ್ತಾರೆ, ಅದು ತಂತ್ರದ ಮಿತಿ. ಆದರೆ ಉತ್ತರದಲ್ಲಿ 1857ರ ದಂಗೆಯ ಹೊಗೆ ಇನ್ನೂ ಆರದಿದ್ದ ಹೊತ್ತಿನಲ್ಲಿ, ಗೆದ್ದ ಕೋಟೆಯೊಂದು ಇಷ್ಟು ನಿಶ್ಶಬ್ದವಾಗಿ, ಯಾರದೂ ಅಲ್ಲವೆಂಬಂತೆ ನಿಂತಿರುವುದು ಆ ಪುಸ್ತಕ ಮಾಡಿಸಿದ ಸರ್ಕಾರಕ್ಕೆ ಅನುಕೂಲವೇ ಆಗಿತ್ತು. ಮೋಡ ಬೇಕೆನಿಸಿದ ಕಲಾವಿದನಿಗೆ ಮನುಷ್ಯ ಬೇಕೆನಿಸಲಿಲ್ಲ.

ಇನ್ನು, ಕೈಯಿಂದ ಮಾಡಿದ್ದು ಎಂದರೆ ಯಾರ ಕೈ? ಅಷ್ಟೊಂದು ಚಿತ್ರಗಳನ್ನು ಬಿಸಿಲಿಗಿಟ್ಟು, ತೊಳೆದು, ಅಂಟಿಸುವುದು ಒಬ್ಬನ ಕೆಲಸವಲ್ಲ. ಮದ್ರಾಸಿನಲ್ಲಿ ಟ್ರೈಪ್ ಅವರಿಗೆ ಸಹಾಯಕರಿದ್ದರು. ಅವರಲ್ಲಿ ಸಿ. ಅಯ್ಯಾಸ್ವಾಮಿ ಎಂಬ ಛಾಯಾಗ್ರಾಹಕರ ಹೆಸರು ಉಳಿದಿದೆ, ಮಿಕ್ಕವರದು ನಾವು ಕೇಳಿಲ್ಲ. ರಾಯಕೋಟೆಯ ಪುಸ್ತಕವನ್ನು ಟ್ರೈಪ್ ಅವರ ಕೃತಿ ಎನ್ನುವಾಗ ಈ ಬೆರಳುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ ಇದೆಲ್ಲ ದುಬಾರಿ ಐಷಾರಾಮವೆಂದು ಈ ಇಲಾಖೆಯನ್ನೇ ಮುಚ್ಚಿಸಿದರು. ಟ್ರೈಪ್ ಅವರ ಮಹತ್ವದ ಕೆಲಸ ಅಲ್ಲಿಗೆ ನಿಂತಿತು.

ಈಗ ನಮ್ಮ ಕಾಲಕ್ಕೆ ಬರೋಣ. ಬಹುಕಾಲ ನ್ಯೂಯಾರ್ಕಿನಲ್ಲಿ ದುಡಿದ ಕೆನ್ರೋ ಇಜು 14×20 ಅಂಗುಲದ ನೆಗೆಟಿವ್ ಹಿಡಿಯುವ ಭಾರೀ ಕ್ಯಾಮೆರಾ ಹೊತ್ತು ಕೈಲಾಸದವರೆಗೂ ಹೋದರು; ಚಿತ್ರಗಳನ್ನು ನೆಗೆಟಿವ್‌ನಷ್ಟೇ ಗಾತ್ರದಲ್ಲಿ ಪ್ಲಾಟಿನಂನಲ್ಲಿ ಮುದ್ರಿಸಿದರು. ಟ್ರೈಪ್‌ಗೆ ಅನಿವಾರ್ಯವಾಗಿದ್ದ ಮಿತಿಯನ್ನು ಇವರು ಬೇಕೆಂದೇ ಆರಿಸಿಕೊಂಡರು. ಸಾಹಿತ್ಯದ ಓದುಗರಿಗೆ ಇದು ಬೇಗ ಅರ್ಥವಾದೀತು. ಕುಮಾರವ್ಯಾಸನ ಕಾಲಕ್ಕೆ ಭಾಮಿನಿ ಷಟ್ಪದಿ ಕಥೆ ಹೇಳುವ ಜೀವಂತ ದಾರಿ. ಇಂದು ಒಬ್ಬ ಕವಿ ಷಟ್ಪದಿಯಲ್ಲಿ ಬರೆದರೆ ಏಕೆ ಎಂದು ಕೇಳುವ ಹಕ್ಕು ನಮಗಿದೆ. ಪ್ಲಾಟಿನಂನ ಬೂದು ಛಾಯೆಗಳ ಮೆಲುದನಿ ಹಿಮದ ಮೌನಕ್ಕೆ ಹೊಂದಿದಾಗ ಇಜು ಆ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಹಳೆಯ ಕಾಗದದ ಕಂದುಬಣ್ಣವನ್ನು ಮಾತ್ರ ಎರವಲು ತರುವ ಪುಸ್ತಕಗಳು ಉತ್ತರ ಕೊಡುವುದಿಲ್ಲ. ಅವು ಬರೀ ಪ್ರಾಸ.

ಹಾಗಾಗಿ ಕೈಯಿಂದ ಮಾಡಿದ ಬೆಟ್ಟದ ಪುಸ್ತಕ ನೋಡುವಾಗ ಮೂರು ಪ್ರಶ್ನೆ ಜೊತೆಗಿರಲಿ. ಈ ವಿಧಾನ ಏನನ್ನು ಕಾಣಲಾರದು? ಕಾಣದ್ದನ್ನು ಕೈ ಹೇಗೆ ತುಂಬಿತು? ಯಾವ ಬಿಳಿಯನ್ನು ಹಾಗೆಯೇ ಬಿಟ್ಟಿತು? ರಾಯಕೋಟೆಯ ಪುಸ್ತಕದ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ವಿವರಣೆ ಇಂಗ್ಲಿಷಿನದು. ಡ್ರೂಗನ್ನು ಮತ್ತೆ ದುರ್ಗವೆಂದು ಕರೆದು, ಕನ್ನಡದಲ್ಲಿ ಅದಕ್ಕೊಂದು ವಿವರಣೆ ಬರೆಯುವ ಕೆಲಸ ಬಾಕಿಯಿದೆ. ಬಳಗದಲ್ಲಿ ಹೊಸೂರು, ಕೃಷ್ಣಗಿರಿ ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಗಳಲ್ಲಿ ಜಾಗವಿದೆ.